ಬಂಕಾಪುರದ ಕೋಟೆ, ಗೊಟಗೋಡಿಯ ಹಳ್ಳಿ: ಒಂದೇ ದಿನದಲ್ಲಿ ನೋಡುವ ಬಗೆ

ಬೆಳಕು ಹರಿಯುವ ಹೊತ್ತಿಗೆ ಬಂಕಾಪುರ, ಹತ್ತು ಗಂಟೆಯ ಮೇಲೆ ಗೊಟಗೋಡಿ. ಇವೆರಡನ್ನೂ ಒಂದೇ ದಿನ ನೋಡಲು ಹೊರಡುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಈ ಕ್ರಮವನ್ನು. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಗೊಟಗೋಡಿ ಮೊದಲು ಸಿಗುತ್ತದೆ. ಹಾಗಾಗಿ ಹೆಚ್ಚಿನವರು ದಾರಿಯಲ್ಲಿ ಕಂಡ, ಶಿಲ್ಪಗಳಿಂದಲೇ ಹಳ್ಳಿ ಕಟ್ಟಿರುವ ಉತ್ಸವ ರಾಕ್ ಗಾರ್ಡನ್ನಿಗೆ ಇಳಿದು, ಊಟ ಮುಗಿಸಿ, ಮಧ್ಯಾಹ್ನ ಎರಡರ ಬಿಸಿಲಿಗೆ ಬಂಕಾಪುರದ ಕೋಟೆ ಮುಟ್ಟುತ್ತಾರೆ. ಕೋಟೆಯೊಳಗೆ ನವಿಲುಧಾಮವೂ ಕಂಬಗಳ ಹಳೆಯ ಗುಡಿಯೂ ಇವೆ. ಆ ಹೊತ್ತಿಗೆ ನವಿಲುಗಳು ಪೊದೆಯ ನೆರಳು ಸೇರಿರುತ್ತವೆ, ಗುಡಿಯ ಹಾಸುಗಲ್ಲು ಕಾದು ಬರಿಗಾಲು ಊರಲಾಗುವುದಿಲ್ಲ, ನೆತ್ತಿಯ ಮೇಲಿನ ಬೆಳಕಿಗೆ ಕಂಬದ ಕೆಲಸವೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಗೊಟಗೋಡಿಯ ಶಿಲ್ಪಗಳನ್ನು ಮರದ ನೆರಳಲ್ಲಿ ನಡುಹಗಲೂ ನೋಡಬಹುದು.

ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ. ಕೋಟೆಯೊಳಗೆ ಉಳಿದಿರುವುದು ಕೈಗೆಲಸ ಮಾತ್ರ. ಅದನ್ನು ಮಾಡಿದ ಕಲ್ಲುಕುಟಿಗನ ಗುರುತು ಉಳಿದಿಲ್ಲ. ಗೊಟಗೋಡಿಯಲ್ಲಿ ಕಮ್ಮಾರ, ಕುಂಬಾರ, ಒಕ್ಕಲಿಗ, ರೊಟ್ಟಿ ಬಡಿಯುವ ಹೆಂಗಸು ಎಲ್ಲರೂ ಕೈಯಲ್ಲಿ ಸಾಮಾನು ಹಿಡಿದೇ ನಿಂತಿದ್ದಾರೆ. ಬೆಳಿಗ್ಗೆ ಕಂಬದ ಮೇಲೆ ಕೈಯ ಗುರುತು ಹುಡುಕಿ ಬಂದ ಕಣ್ಣು, ಆಮೇಲೆ ಈ ಶಿಲ್ಪಗಳ ಬೆರಳು ಹೇಗೆ ಮಡಿಸಿದೆ ಎಂಬುದನ್ನೂ ಗಮನಿಸುತ್ತದೆ.

ದಾರಿ, ಹೊತ್ತು

ಎರಡೂ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಲ್ಲೇ ಇವೆ. ಹುಬ್ಬಳ್ಳಿಯಿಂದ ಹೊರಟರೆ ತಡಸ, ಗೊಟಗೋಡಿ, ಶಿಗ್ಗಾವಿ, ಬಂಕಾಪುರ, ಹಾವೇರಿ ಎಂಬುದು ಸಾಲು. ಕಾರಿನಲ್ಲಿ ಹುಬ್ಬಳ್ಳಿಯಿಂದ ಬಂಕಾಪುರಕ್ಕೆ ಒಂದು ಗಂಟೆ ಹಿಡಿಯಿರಿ. ಹಾವೇರಿಯಿಂದ ಸುಮಾರು 22 ಕಿ.ಮೀ. ಮಾತ್ರ. ಬಂಕಾಪುರದಿಂದ ಗೊಟಗೋಡಿಗೆ ಹಿಂದೆ ಬರಲು ಅರ್ಧ ಗಂಟೆ ಸಾಕು. ಬಂಕಾಪುರದ ಬಳಿ ಟೋಲ್ ಇದೆ. ಫಾಸ್ಟ್ಯಾಗಿನಲ್ಲಿ ಹಣ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಂಡಿದ್ದರೆ ಬೆಳಗಿನ ಹೊತ್ತು ಉಳಿಯುತ್ತದೆ.

ಬೆಂಗಳೂರಿನಿಂದ ಬರುವವರು ಅದೇ ದಿನ ಹೊರಟು ಅದೇ ದಿನ ನೋಡುವ ಯೋಚನೆ ಬಿಡುವುದು ಒಳ್ಳೆಯದು. ದೂರ 350 ಕಿ.ಮೀ. ದಾಟುತ್ತದೆ, ಎಷ್ಟು ಬೇಗ ಎದ್ದರೂ ಕೋಟೆಯ ಬೆಳಗು ಕೈತಪ್ಪುತ್ತದೆ. ರಾತ್ರಿ ಹಾವೇರಿಗೋ ಹುಬ್ಬಳ್ಳಿಗೋ ಬಂದು ಮಲಗಿ, ಐದೂಕಾಲಿಗೆ ರೂಮು ಬಿಡಿ. ರೈಲಿನವರಿಗೂ ಈ ಎರಡೇ ಅನುಕೂಲದ ನಿಲ್ದಾಣಗಳು.

ಬಸ್ಸಿನವರು ಹುಬ್ಬಳ್ಳಿ–ಹಾವೇರಿ ನಡುವಿನ ಸಾಮಾನ್ಯ ಬಸ್ಸು ಹಿಡಿಯಬೇಕು. ದೂರದ ಊರಿಗೆ ಹೋಗುವ ವೇಗದೂತ ಬಸ್ಸು ಗೊಟಗೋಡಿಯಲ್ಲಿ ನಿಲ್ಲುತ್ತದೆಂದು ನಂಬಿ ಹತ್ತಿದರೆ ಶಿಗ್ಗಾವಿಯವರೆಗೆ ಹೋಗಿ ತಿರುಗಿ ಬರಬೇಕಾದೀತು. ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಶಕ್ತಿ ಯೋಜನೆಯಲ್ಲಿ ಪ್ರಯಾಣಿಸುವ ಹೆಂಗಸರು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಂಡಿರಲಿ. ಬಂಕಾಪುರದಲ್ಲಿ ಇಳಿದ ಮೇಲೆ ಕೋಟೆಗೆ ಆಟೋ ಮಾಡಿಕೊಳ್ಳಬಹುದು. ಊರಲ್ಲಿ ‘ಕೋಟೆ’ ಎಂದು ಕೇಳುವುದಕ್ಕಿಂತ ‘ನವಿಲುಧಾಮ’ ಅಥವಾ ‘ಅರವತ್ತು ಕಂಬದ ಗುಡಿ’ ಎಂದು ಕೇಳಿದರೆ ಬೇಗ ದಾರಿ ತೋರಿಸುತ್ತಾರೆ. ಆ ಗುಡಿಯ ‘ನಗರೇಶ್ವರ’ ಎಂಬ ಹೆಸರು ಪುಸ್ತಕದಲ್ಲಿರುವಷ್ಟು ಊರಿನವರ ಬಾಯಲ್ಲಿಲ್ಲ.

ತಲೆಗೆ ಎರಡು ಲೀಟರು ನೀರು, ಟೋಪಿ, ಸಣ್ಣ ಟಾರ್ಚು, ದುರ್ಬೀನು ಇದ್ದರೆ ದುರ್ಬೀನು. ಕಾಲಿಗೆ ಬೂಟು ಇರಲಿ. ಹುಲ್ಲಿನಲ್ಲಿ ಹಾವು, ಮುಳ್ಳು ಎರಡೂ ಉಂಟು. ಆದರೆ ಗುಡಿಯ ಮುಂದೆ ಸುಲಭವಾಗಿ ಕಳಚುವಂತಿರಬೇಕು. ತಿನ್ನಲು ಏನಾದರೂ ಕಟ್ಟಿಕೊಳ್ಳಿ, ಕೋಟೆಯೊಳಗೆ ಅಂಗಡಿಯಿಲ್ಲವೆಂದೇ ತಿಳಿದು ಹೋಗುವುದು ಜಾಣತನ.

ಕೋಟೆಯೊಳಗೆ

ಚಿತ್ರದುರ್ಗದಂಥ ಕಲ್ಲುಬಂಡೆಯ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಬಂಕಾಪುರ ಮೊದಲ ನೋಟಕ್ಕೆ ಸಪ್ಪೆ ಅನ್ನಿಸುತ್ತದೆ. ಇದು ಬಯಲುಕೋಟೆ. ಬೆಟ್ಟದ ಆಸರೆಯಿಲ್ಲದ್ದರಿಂದ ಕಂದಕವೇ ಇದರ ಮೊದಲ ಕಾವಲು. ಆದ್ದರಿಂದ ಗೋಡೆಯನ್ನು ಹುಡುಕುವ ಮೊದಲು ನೆಲದ ಇಳಿತ ನೋಡಿ: ಎಲ್ಲಿ ನೆಲ ಒಮ್ಮೆಲೇ ತಗ್ಗಿ ಪೊದೆ ದಟ್ಟವಾಗಿದೆಯೋ ಅದು ಕಂದಕ. ಅದರ ದಂಡೆಯ ಮೇಲೆ ನಿಂತು ನೋಡಿ, ಒಳಗೆ ಇಳಿಯಬೇಡಿ. ಮಳೆಗಾಲದಲ್ಲಿ ನವಿಲು ನೆಲದಲ್ಲೇ, ಪೊದೆಯ ಬುಡದಲ್ಲಿ ಮೊಟ್ಟೆಯಿಡುತ್ತದೆ; ಮೇಲಿನಿಂದ ಅದು ಕಾಣುವುದಿಲ್ಲ, ಕಾಲಿಗೆ ಸಿಕ್ಕಿ ಒಡೆಯುತ್ತದೆ.

ನವಿಲು ಇಲ್ಲಿ ಉಳಿದದ್ದರ ಹಿಂದೆ ದನಗಳ ಪಾಲಿದೆ. ಕೋಟೆಯೊಳಗೆ ಸರ್ಕಾರದ ಖಿಲಾರಿ ತಳಿ ಸಂವರ್ಧನೆಯ ಕೇಂದ್ರವಿದೆ. ದನಗಳ ಮೇವಿಗೆಂದು ಜೋಳ, ಮೆಕ್ಕೆಜೋಳದಂಥ ಬೆಳೆ ಬೆಳೆಯುತ್ತಾರೆ. ಕಾಳು, ಹುಳು, ನೀರು, ಅಡಗಲು ಕಂದಕದ ಪೊದೆ ಎಲ್ಲವೂ ಒಂದೇ ಕಡೆ ಸಿಕ್ಕಿದ್ದರಿಂದ ನವಿಲು ಹೆಚ್ಚಿದವು. 139 ಎಕರೆಯ ಈ ಜಾಗವನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಖಿಲಾರಿ ದನ ನೋಡಬೇಕೆಂದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಅವರು ಹೇಳಿದಷ್ಟೇ ದೂರ ಹೋಗಿ. ಹೋರಿಗಳ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ದೂರದಿಂದಲೇ ಕೊಂಬು ನೋಡಿಟ್ಟುಕೊಳ್ಳಿ: ನೆತ್ತಿಯಿಂದ ಹತ್ತಿರ ಹತ್ತಿರವೇ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆ ಚೂಪಾಗಿ ಏರುವ ಕೊಂಬು. ಗೊಟಗೋಡಿಯಲ್ಲಿ ನೊಗ ಹೊತ್ತ ಸಿಮೆಂಟಿನ ಎತ್ತಿನ ಮುಂದೆ ನಿಂತಾಗ ಇದು ನೆನಪಿಗೆ ಬರಬೇಕು.

ನವಿಲು ನೋಡಲು ಅವಸರ ಕೂಡದು. ಬೆಳಕು ಹರಿದ ಮೊದಲ ಒಂದೂವರೆ ಗಂಟೆಯೇ ಒಳ್ಳೆಯ ಹೊತ್ತು. ರಾತ್ರಿ ಮರದ ಮೇಲೆ ಕೂತಿದ್ದವು ಆಗ ಇಳಿದು ತೆರವು ಜಾಗಕ್ಕೆ ಮೇಯಲು ಬರುತ್ತವೆ. ಹೊಲದ ಅಂಚಿನ ಒಂದು ಮರದ ಬುಡ ಆರಿಸಿಕೊಂಡು ಇಪ್ಪತ್ತು ನಿಮಿಷ ಅಲುಗದೆ ನಿಲ್ಲಿ. ಅಟ್ಟಿಸಿಕೊಂಡು ಹೋದಷ್ಟೂ ಅವು ಪೊದೆಗೆ ಓಡುತ್ತವೆ, ಒಮ್ಮೆ ಪೊದೆ ಸೇರಿದ್ದು ಬೇಗ ಹೊರಬರುವುದಿಲ್ಲ. ಬಿಳಿ, ಕೆಂಪು ಬಟ್ಟೆ ಬೇಡ. ಮಣ್ಣಿನ ಬಣ್ಣವೋ ಎಲೆಯ ಬಣ್ಣವೋ ಇರಲಿ. ಗರಿ ಬಿಚ್ಚಿ ಕುಣಿಯುವುದನ್ನು ಕಾಣಬೇಕಾದರೆ ಮೇ ಕೊನೆಯಿಂದ ಆಗಸ್ಟ್‌ವರೆಗೆ ಬರಬೇಕು. ಬೆದೆಯ ಕಾಲ ಮುಗಿದ ಮೇಲೆ ಗಂಡುಗಳ ಉದ್ದಗರಿ ಉದುರಿಬಿಡುತ್ತದೆ. ನವೆಂಬರಿನಲ್ಲಿ ಬಂದು ‘ಗಂಡು ನವಿಲೇ ಇಲ್ಲ’ ಎಂದು ಬೇಸರಪಡುವವರು ನೋಡಿರುವುದು ಬಾಲ ಬೋಳಾದ ಗಂಡುಗಳನ್ನೇ. ನೀಲಿ ಕೊರಳು ನೋಡಿ ಗುರುತು ಹಿಡಿಯಿರಿ. ಬಿದ್ದ ಗರಿಯನ್ನು ಅಲ್ಲಿಯೇ ಬಿಡಿ. ಹೊರದೇಶದಿಂದ ಬಂದವರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು: ನವಿಲುಗರಿಯನ್ನು ದೇಶದಿಂದ ಹೊರಗೆ ಒಯ್ಯುವುದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಏಳೂವರೆ ಸುಮಾರಿಗೆ ಗುಡಿಯ ಕಡೆ ನಡೆಯಿರಿ. ಸುತ್ತಲಿನ ನೆಲಕ್ಕಿಂತ ಗುಡಿ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. ಮೊಣಕಾಲು ನೋವಿನವರಿಗೆ ಒಂದು ಕೈ ಆಸರೆ ಬೇಕಾಗುತ್ತದೆ, ಮಳೆಯ ಮರುದಿನವಾದರೆ ಪಾಚಿಯ ಮೇಲೆ ಎಚ್ಚರ. ಮೊದಲು ಮೇಲೆಯೇ ನಿಂತು ಇಡೀ ಕಟ್ಟಡವನ್ನು ಒಮ್ಮೆ ನೋಡಿ. ಗರ್ಭಗುಡಿಯ ಮೇಲಿನ ಶಿಖರ ಉಳಿದಿಲ್ಲ. ಮುಂದೆ ಹರಡಿಕೊಂಡಿರುವ ಕಂಬಗಳ ತೆರೆದ ಮಂಟಪವೇ ಇಲ್ಲಿನ ಸಂಪತ್ತು. ಹೆಸರು ಅರವತ್ತು ಕಂಬದ ಗುಡಿ, ಎಣಿಸಿದರೆ ಅರವತ್ತು ದಾಟುತ್ತದೆ. ಅಂಚಿನ ಕಕ್ಷಾಸನದ (ಒರಗಿ ಕೂರುವ ಕಲ್ಲಿನ ಕಟ್ಟೆಯ) ಮೇಲೆ ನಿಂತ ಗಿಡ್ಡ ಕಂಬಗಳನ್ನು ಬಿಟ್ಟು ಎಣಿಸುವವರಿಗೆ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ಎಣಿಸುವ ಕೆಲಸ ಕೊಡಿ, ಸಾಲು ಸಾಲಾಗಿ, ಅಂಚಿನದನ್ನು ಬೇರೆಯಾಗಿ.

ಆಮೇಲೆ ಒಂದು ಕಂಬಕ್ಕೆ ಮುಖ ಒಡ್ಡಿ ನಿಲ್ಲಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಸೀಮೆಯ ಗುಡಿಗಳಿಗೆ ಬಳಸಿದ್ದು ಬಳಪದ ಜಾತಿಯ ಕಲ್ಲು. ಗಣಿಯಿಂದ ಬಂದಾಗ ಅದು ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಮೆದುವಾಗಿದ್ದಾಗಲೇ ಕಂಬವನ್ನು ತಿರುಗಿಸುತ್ತ, ಉಳಿಯನ್ನು ಒಂದೇ ಕಡೆ ಒತ್ತಿ ಹಿಡಿದು ಕಡೆಯುತ್ತಿದ್ದರು. ಟಾರ್ಚನ್ನು ಕಂಬಕ್ಕೆ ಎದುರಾಗಿ ಹಿಡಿದರೆ ಏನೂ ತಿಳಿಯದು. ಪಕ್ಕದಿಂದ, ಕಲ್ಲಿನ ಮೈಗೆ ಸವರುವಂತೆ ಓರೆಯಾಗಿ ಬೆಳಕು ಬಿಡಿ. ಬಳೆಗಳಂತೆ ಸುತ್ತುವ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಗಂಟೆಯಾಕಾರದ ಭಾಗದ ಅಂಚು ಚಾಕುವಿನಂತೆ ಚೂಪಾಗಿರುವುದು ಈ ತಿರುಗಣಿಯಿಂದಲೇ. ಆದರೆ ಕೈಯಿಂದ ಮುಟ್ಟಬೇಡಿ: ಬೆವರಿನ ಜಿಡ್ಡು ಕೂತರೆ ಕಲ್ಲು ಕಪ್ಪಾಗಿ, ಗೀರು ಮುಚ್ಚುತ್ತ ಹೋಗುತ್ತದೆ. ಗರ್ಭಗುಡಿಯ ಬಾಗಿಲುವಾಡದ ಪಟ್ಟಿಕೆಗಳಿಗೂ ಇದೇ ಓರೆಬೆಳಕಿನ ಉಪಾಯ ಸಲ್ಲುತ್ತದೆ. ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಫೋನಿನಲ್ಲಿ ಚಿತ್ರ ತೆಗೆಯಲು ಅಡ್ಡಿಯಿಲ್ಲ; ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು, ಡ್ರೋನನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇತಿಹಾಸ ಇಷ್ಟು ತಿಳಿದಿದ್ದರೆ ಸಾಕು. ಊರಿನ ಹೆಸರು ಬಂದದ್ದು 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕನಾಗಿದ್ದ ಬಂಕೆಯನಿಂದ. 10ನೇ ಶತಮಾನದಲ್ಲಿ ಇದು ಹೆಸರಾಂತ ಜೈನ ಕೇಂದ್ರ. ಗಂಗರ ಮಾರಸಿಂಹ ರಾಜ್ಯ ಬಿಟ್ಟು ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ (ಉಪವಾಸದಿಂದ ದೇಹ ಬಿಡುವ ಜೈನ ವ್ರತ) ಕೈಗೊಂಡದ್ದು ಇಲ್ಲಿಯೇ. ಮುಂದೆ ಚಾಲುಕ್ಯರ ಕೈಕೆಳಗೆ ಕದಂಬರು ಆಳಿದರು. 1055ರ ಶಾಸನ ಕದಂಬ ಹರಿಕೇಸರಿಯನ್ನು ಹೆಸರಿಸುತ್ತದೆ. ವಿಜಯನಗರದ ಪತನದ ನಂತರ, 1570ರ ದಶಕದಲ್ಲಿ ಬಿಜಾಪುರದ ಅಲಿ ಆದಿಲ್ ಶಾಹ ದೀರ್ಘ ಮುತ್ತಿಗೆಯ ಬಳಿಕ ಕೋಟೆ ಹಿಡಿದ. ಶಿಖರವಿಲ್ಲದ ಗುಡಿ, ಮುಖ ಒಡೆದ ವಿಗ್ರಹಗಳನ್ನು ನೋಡುವಾಗ ಈ ಮುತ್ತಿಗೆ ನೆನಪಿರಲಿ.

ಎಂಟೂವರೆಗೆ ಕೋಟೆ ಬಿಟ್ಟರೆ ಬಂಕಾಪುರದಲ್ಲೋ ಶಿಗ್ಗಾವಿಯಲ್ಲೋ ನಾಷ್ಟಾ ಮುಗಿಸಿ ಹತ್ತಕ್ಕೆ ಸರಿಯಾಗಿ ಗೊಟಗೋಡಿ.

ಗೊಟಗೋಡಿಯ ಹಳ್ಳಿ

ಉತ್ಸವ ರಾಕ್ ಗಾರ್ಡನ್ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಬಯಲು ವಸ್ತುಸಂಗ್ರಹಾಲಯ. ಹೆಸರು ಕೇಳಿ ಬಂಡೆಗಳ ತೋಟವೆಂದುಕೊಳ್ಳಬೇಡಿ; ಆಳೆತ್ತರದ ಶಿಲ್ಪಗಳಿಂದ ಕಟ್ಟಿದ ಉತ್ತರ ಕರ್ನಾಟಕದ ಹಳ್ಳಿ ಇದು. ಟಿಕೆಟ್ ಕೊಳ್ಳುವಾಗಲೇ ಕ್ಯಾಮೆರಾಕ್ಕೆ ಬೇರೆ ಶುಲ್ಕವಿದೆಯೇ, ಕೊನೆಗೆ ಹೊರಡಬೇಕಾದ ಹೊತ್ತು ಯಾವುದು ಎಂದು ಕೇಳಿಕೊಳ್ಳಿ. ಡಾ. ರಾಜಕುಮಾರ್ ಪಾತ್ರಗಳ ವೃತ್ತದ ಮುಂದೆ ಫೋಟೋಕ್ಕೆ ಜನ ಮುತ್ತಿಕೊಂಡಿರುತ್ತಾರೆ. ಅಲ್ಲಿ ಅರ್ಧ ಗಂಟೆ ಕಳೆದರೆ ಹಳ್ಳಿಯ ಭಾಗಕ್ಕೆ ಹೋಗುವಷ್ಟರಲ್ಲಿ ಮಕ್ಕಳು ದಣಿದಿರುತ್ತಾರೆ. ಆ ಫೋಟೋ ಹೊರಡುವಾಗ ತೆಗೆದರಾಯಿತು. ಮೊದಲು ಹಳ್ಳಿಗೆ ನಡೆಯಿರಿ, ಅದಕ್ಕೆ ಕನಿಷ್ಠ ಎರಡು ಗಂಟೆ ಇಡಿ.

ಶಿಲ್ಪಗಳ ಒಳಗೆ ಕಬ್ಬಿಣದ ಸರಳು, ಮೇಲೆ ಸಿಮೆಂಟು, ಅದರ ಮೇಲೆ ಬಣ್ಣ. ಹೆಗಲಿಗೆ ಕೈ ಹಾಕಿ ಜೋತುಬಿದ್ದರೆ, ಮಗುವನ್ನು ಎತ್ತಿನ ಬೆನ್ನಮೇಲೆ ಕೂರಿಸಿದರೆ ಕೂಡಲೇ ಏನೂ ಆಗಲಿಕ್ಕಿಲ್ಲ. ಆದರೆ ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ಮಳೆನೀರು ಒಳಗೆ ಇಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಸಿಮೆಂಟನ್ನು ಒಳಗಿನಿಂದ ಸಿಡಿಸುತ್ತದೆ. ಮೊದಲು ಹೋಗುವುದು ಬೆರಳುಗಳು. ಇಲ್ಲಿ ನೋಡಬೇಕಾದದ್ದೇ ಬೆರಳುಗಳು.

ನೋಡುವ ಬಗೆ ಹೀಗೆ. ಪ್ರತಿ ದೃಶ್ಯದ ಮುಂದೆ ಮೊದಲು ಮುಖ ಬಿಟ್ಟು ಕೈ ನೋಡಿ: ಯಾವ ಕೈಯಲ್ಲಿ ಏನಿದೆ, ಇನ್ನೊಂದು ಕೈ ಯಾಕೆ ಹಾಗಿದೆ, ಕಾಲು ಎಲ್ಲಿ ಊರಿದೆ. ಆಮೇಲೆ ಸಾಮಾನಿನ ಹೆಸರು. ಜೊತೆಗೆ ಊರ ಕಡೆಯ ಹಿರಿಯರಿದ್ದರೆ ಅವರನ್ನು ಮುಂದೆ ಬಿಡಿ. ‘ಅಜ್ಜಾ, ಇದಕ್ಕ ಏನಂತಾರ?’ ಎಂದು ಮಕ್ಕಳಿಂದ ಕೇಳಿಸಿ. ಅವರು ಹೇಳಿದ ಹೆಸರನ್ನು ಬರೆದುಕೊಳ್ಳಿ. ಒಂದೇ ಸಾಮಾನಿಗೆ ಧಾರವಾಡ ಸೀಮೆಯಲ್ಲೊಂದು, ವಿಜಯಪುರದಲ್ಲೊಂದು ಹೆಸರಿರುತ್ತದೆ, ಎರಡೂ ಸರಿಯೇ.

ಒಕ್ಕಲುತನದ ಸಾಮಾನುಗಳಲ್ಲಿ ರಂಟೆ, ಕುಂಟೆ, ಕೂರಿಗೆ ಮೂರನ್ನೂ ‘ನೇಗಿಲು’ ಎಂದುಬಿಡುವುದು ಪೇಟೆಯವರು ಮಾಡುವ ಮೊದಲ ತಪ್ಪು. ರಂಟೆ ನೆಲವನ್ನು ಸೀಳುತ್ತದೆ, ಅದಕ್ಕೆ ಚೂಪು ಮೊನೆ. ಕುಂಟೆಗೆ ಮೊನೆಯಿಲ್ಲ, ಅಡ್ಡಲಾಗಿ ಕೂತ ಅಲಗು ಇದೆ, ಅದಕ್ಕೆ ಕುಡ ಎನ್ನುತ್ತಾರೆ. ಮೇಲ್ಮಣ್ಣನ್ನು ಕೆರೆದು ಕಳೆಯ ಬೇರು ಕತ್ತರಿಸುವುದು ಅದರ ಕೆಲಸ. ಕೂರಿಗೆ ಬಿತ್ತುವ ಸಾಮಾನು. ಮೇಲೆ ಬಟ್ಟಲು, ಬಟ್ಟಲಿನಿಂದ ಇಳಿದ ಬಿದಿರಿನ ಕೊಳವೆಗಳು, ಕೆಳಗೆ ತಾಳುಗಳು. ತಾಳು ಎಷ್ಟಿವೆಯೋ ಅಷ್ಟು ಸಾಲು ಒಮ್ಮೆಗೇ ಬೀಳುತ್ತದೆ. ಬಟ್ಟಲಿನ ಮೇಲಿರುವ ಮುಷ್ಟಿ ನೋಡಿ: ಬೆರಳು ಸಡಿಲವಾದರೆ ಕಾಳು ಒತ್ತಾಗಿ ಬಿದ್ದು ಪೈರು ನವೆಯುತ್ತದೆ, ಬಿಗಿಯಾದರೆ ಸಾಲು ನಡುವೆ ಬರಿದಾಗುತ್ತದೆ. ಎತ್ತಿನ ನಡಿಗೆಗೆ ತಕ್ಕಂತೆ ಎಲ್ಲ ಕೊಳವೆಗೂ ಸಮನಾಗಿ ಕಾಳು ಬಿಡುವ ಈ ಕೆಲಸ ಬಹಳ ಕಡೆ ಹೆಂಗಸರ ಕೈಯಲ್ಲಿತ್ತು. ಎಡೆಕುಂಟೆ ಹೊಡೆಯುವ ಎತ್ತಿನ ಮೂತಿಗೆ ಕುಕ್ಕೆ ಯಾಕೆ ಕಟ್ಟುತ್ತಾರೆಂದು ಮಕ್ಕಳನ್ನು ಕೇಳಿ. ನಿಂತ ಬೆಳೆಯ ಸಾಲಿನ ನಡುವೆ ಹೋಗುವಾಗ ಅದು ಬಾಯಿ ಹಾಕಬಾರದಲ್ಲ.

ಸುಗ್ಗಿಯ ಕಣ ಎಂದರೆ ನಡುವೆ ನೆಟ್ಟ ಕಂಬ ಮೇಟಿ, ಸುತ್ತ ಎತ್ತು, ರಾಶಿ ತೂರುವ ಮೊರ. ತೂರುವವರು ಎತ್ತರದಲ್ಲಿ, ಗಾಳಿಗೆ ಅಡ್ಡಲಾಗಿ ನಿಲ್ಲಬೇಕು. ಗಾಳಿಗೆ ಎದುರು ನಿಂತರೆ ಹೊಟ್ಟೆಲ್ಲ ಮುಖಕ್ಕೆ. ಕಾಳನ್ನು ಕೂಡಿಡುತ್ತಿದ್ದ ಹಗೇವಿನ ವಿಷಯವನ್ನು ಕಣದ ಜೊತೆಗೇ ಮಕ್ಕಳಿಗೆ ಹೇಳಿ. ನೆಲದೊಳಗಿನ ಆ ಕುಣಿಗೆ ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿದ ಕಾಳು ಒಳಗಿನ ಗಾಳಿಯನ್ನು ಕೆಡಿಸಿರುತ್ತದೆ, ಅವಸರಕ್ಕೆ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು.

ಮನೆಗಳ ಮುಂದೆ ನಿಂತಾಗ ನೆಲದ ಮಟ್ಟ ಗಮನಿಸಿ. ಈ ಸೀಮೆಯ ಹಳೆಯ ಮನೆಯಲ್ಲಿ ದನಕ್ಕೂ ಜನಕ್ಕೂ ಬಾಗಿಲು ಒಂದೇ. ಒಳಹೊಕ್ಕ ಕೂಡಲೇ ತಗ್ಗಿನಲ್ಲಿ ದನ, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿ, ಮೆಟ್ಟಿಲೇರಿದರೆ ಪಡಸಾಲೆ. ರಾತ್ರಿ ಎತ್ತು ಹಗ್ಗ ಬಿಚ್ಚಿಕೊಂಡರೂ, ಕಳ್ಳ ಬಂದರೂ ಮಲಗಿದ ಜಾಗದಿಂದಲೇ ತಿಳಿಯುತ್ತಿತ್ತು. ಮಾಳಿಗೆಯ ಬೆಳಕಿಂಡಿ ಅಡುಗೆ ಹೊಗೆಗೂ ದಾರಿ.

ಕಸುಬಿನವರ ಬಳಿ ಬೆಳಗಿನ ಕಂಬಗಳು ಮತ್ತೆ ನೆನಪಾಗಲಿ. ಕಮ್ಮಾರನ ತಿದಿ, ಅಡಿಗಲ್ಲು, ಇಕ್ಕಳ ನೋಡಿ. ಕಂಬ ಕಡೆದ ಉಳಿ ಮೊಂಡಾದಾಗ ಹರಿತಕ್ಕೆ ಬರುತ್ತಿದ್ದದ್ದು ಇಂಥದೇ ಕುಲುಮೆಗೆ. ಕುಂಬಾರನ ತಿಗರಿ ತಿರುಗುತ್ತದೆ, ಅವನ ಕೈ ಒಂದೆಡೆ ನಿಲ್ಲುತ್ತದೆ. ನಗರೇಶ್ವರದ ಕಂಬವನ್ನು ಮಾಡಿದ ಉಪಾಯವೂ ಇದೇ, ಮಣ್ಣಿನ ಬದಲು ಕಲ್ಲು ಅಷ್ಟೆ. ಈ ಎರಡನ್ನು ಒಂದೇ ದಿನ ನೋಡಿದ ಹತ್ತು ವರ್ಷದ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಲಂಬಾಣಿ ಹೆಂಗಸಿನ ಫೇಟಿಯಾ (ಲಂಗ), ಕಾಂಚಳಿಯ (ರವಿಕೆಯ) ಕಸೂತಿ ಕನ್ನಡಿ, ಸಂತೆಯಲ್ಲಿ ಚೌಕಾಸಿ ಮಾಡುವವರ ಮುಖ, ಗರಡಿಯ ಪೈಲವಾನರ ಹಿಡಿತ ಇವನ್ನೆಲ್ಲ ನಿಧಾನಕ್ಕೆ ನೋಡುತ್ತ ಹೋಗಿ. ಕಣ್ಣು ದಣಿದಾಗ ಕೂತುಬಿಡಿ. ಎಲ್ಲವನ್ನೂ ಮುಗಿಸಲೇಬೇಕೆಂಬ ಹಟ ಇಟ್ಟುಕೊಂಡರೆ ಯಾವ ಸಾಮಾನೂ ನೆನಪಿನಲ್ಲಿ ಉಳಿಯುವುದಿಲ್ಲ.

ಯಾವ ತಿಂಗಳು, ಊಟ, ಮಿಕ್ಕ ಹೊತ್ತು

ನವೆಂಬರಿನಿಂದ ಫೆಬ್ರವರಿ ನಡೆದಾಡಲು ಹಿತ. ಆದರೂ ಆಯ್ಕೆ ಇದ್ದರೆ ಜೂನ್ ಕೊನೆ ಅಥವಾ ಜುಲೈನಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಾಗ ಹೊರಡಿ. ನವಿಲಿಗೆ ಗರಿ ಇರುತ್ತದೆ, ದಾರಿಯ ಹೊಲಗಳಲ್ಲಿ ನಿಜವಾದ ಕುಂಟೆ, ಕೂರಿಗೆ ಕೆಲಸದಲ್ಲಿರುವುದೂ ಕಾಣಸಿಕ್ಕೀತು. ಬದಲಿ ಬಟ್ಟೆ, ಕಾಲು ಒರೆಸಲು ಹಳೆಯ ಚಿಂದಿ ಕಾರಿನಲ್ಲಿರಲಿ. ಏಪ್ರಿಲ್, ಮೇ ಮೊದಲ ಭಾಗ ಬೇಡ. ಶಾಲಾ ಪ್ರವಾಸದ ತಿಂಗಳಾದ ಡಿಸೆಂಬರಿನಲ್ಲಿ ಬರುವುದಾದರೆ ವಾರದ ನಡುವಿನ ದಿನ ಆರಿಸುವುದಕ್ಕಿಂತ ಹತ್ತು ಗಂಟೆಗೆ ಮೊದಲೇ ಗೇಟಿನ ಮುಂದೆ ಇರುವುದು ಮುಖ್ಯ. ಬಸ್ಸುಗಳು ಹನ್ನೊಂದರ ನಂತರ ತುಂಬಿಕೊಂಡು ಬರುತ್ತವೆ.

ಮಧ್ಯಾಹ್ನದ ಊಟಕ್ಕೆ ಶಿಗ್ಗಾವಿಯ ಖಾನಾವಳಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೇಲೆ ಮೊಸರು. ಖಾರ ಕಡಿಮೆ ಬೇಕಾದವರು ಮೊದಲೇ ಹೇಳಿ, ಬಡಿಸಿದ ಮೇಲೆ ಉಪಾಯವಿಲ್ಲ.

ಸಂಜೆಯವರೆಗೆ ಹೊತ್ತಿದ್ದರೆ ಒಂದನ್ನೇ ಆರಿಸಿಕೊಳ್ಳಿ. ಬಂಕಾಪುರದ ಕೋಟೆಯ ಕಥೆ ಮುಂದುವರಿಸಬೇಕೆಂದರೆ ಕನಕದಾಸರು ಹುಟ್ಟಿದ ಬಾಡ. ಹರಿದಾಸರಾಗುವ ಮೊದಲು ಅವರು ತಿಮ್ಮಪ್ಪ ನಾಯಕನಾಗಿ ಬಂಕಾಪುರ ಸೀಮೆಯ ಅಧಿಕಾರ ನಡೆಸಿದರೆಂಬುದು ಪರಂಪರೆಯ ಮಾತು. ಹಾಡು ಕೇಳುವ ಮನಸ್ಸಿದ್ದರೆ ಸಂತ ಶಿಶುನಾಳ ಶರೀಫರ ಶಿಶುವಿನಹಾಳ, ಇದೇ ತಾಲ್ಲೂಕಿನದು. ಮರ ನೋಡುವವರು ಸವಣೂರಿಗೆ ಹೋಗಿ ದೊಡ್ಡಹುಣಸೆಮಠದ ಅಂಗಳದ ಬೃಹತ್ ಮರಗಳ ಬುಡದಲ್ಲಿ ನಿಲ್ಲಿ. ಜನ ಹುಣಸೆ ಎಂದು ಕರೆದರೂ ಅವು ಆಫ್ರಿಕಾ ಮೂಲದ ಬಾವೊಬಾಬ್. ವಾಪಸು ಬರುವಾಗ ಪೇಟೆಯಲ್ಲಿ ಸವಣೂರು ಖಾರಾ ಕಟ್ಟಿಸಿಕೊಳ್ಳಬಹುದು. ಬಸ್ಸಿನಲ್ಲಿ ಬಂದವರು ಈ ಸುತ್ತಾಟಕ್ಕೆ ಹೊರಡುವ ಮೊದಲು ಶಿಗ್ಗಾವಿ ನಿಲ್ದಾಣದಲ್ಲಿ ಮರಳುವ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ; ಒಳಹಳ್ಳಿಗಳಿಂದ ಕತ್ತಲಾದ ಮೇಲೆ ಬಸ್ಸು ವಿರಳ.